ಎಕ್ಸ್‌ಟ್ರೀಮ್ ಮೆಟಲ್‌ನ ಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಡ್ರಮ್ಸ್ ಹೇಳಿಕೊಡುತ್ತೇನೆ. ಹೆಚ್ಚಾಗಿ ಎಕ್ಸ್‌ಟ್ರೀಮ್ ಮೆಟಲ್, ಅಂದರೆ ರಾಕ್ ಸಂಗೀತದ ಅತಿ ಕಟುವಾದ ಕವಲು. ಗೋಡೆಗೆ ಹಳೆಯ ಹತ್ತಿ ಹಾಸಿಗೆಗಳನ್ನು ಒರಗಿಸಿದ್ದರೂ ಸದ್ದು ಬೀದಿಗೆ ಇಳಿಯುತ್ತದೆ. ಅದರ ಬೆನ್ನಿಗೇ ಪ್ರಶ್ನೆಗಳು ಮೆಟ್ಟಿಲು ಹತ್ತಿ ಬರುತ್ತವೆ. ಎಂಜಿನಿಯರಿಂಗ್ ಹುಡುಗರು, ಅವರ ಅಪ್ಪ ಅಮ್ಮಂದಿರು, ಕೆಳಗಿನ ಅಂಗಡಿಯವರು, ಚಿತ್ರದುರ್ಗದಿಂದ ಭಾನುವಾರದ ಬಸ್ಸಿಗೆ ಬರುವ ಇಬ್ಬರು ಮೃದಂಗದ ವಿದ್ಯಾರ್ಥಿಗಳು, ಆಗಾಗ ಪತ್ರ ಬರೆಯುವ ಹರಿಹರದ ನಿವೃತ್ತ ಮೇಷ್ಟ್ರೊಬ್ಬರು, ಇವರೆಲ್ಲ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ.

## ಮೊದಲ ಮೆಟ್ಟಿಲು

ಇದು ಸಂಗೀತವೋ, ತಗಡಿನ ಶೆಡ್ಡಿನ ಮೇಲೆ ಜಲ್ಲಿ ಸುರಿಯುವುದೋ?

ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಯಜಮಾನರ ಪ್ರಶ್ನೆ. ತಗಡಿನ ಸದ್ದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಹಾಗಾಗಿ ಸಿಟ್ಟು ಮಾಡಿಕೊಳ್ಳಲಿಲ್ಲ. ಜಲ್ಲಿಗೆ ಎಣಿಕೆ ಇಲ್ಲ, ಇದಕ್ಕೆ ಇದೆ.

ಮೊದಲ ಸಲ ಕೇಳುವವರು ಗಾಯಕನ ಗಂಟಲಿಗೆ ಬೆಚ್ಚಿ ಅಲ್ಲಿಗೇ ಕಿವಿ ಮುಚ್ಚಿಬಿಡುತ್ತಾರೆ. ಆ ಗಂಟಲು ರಾಗವನ್ನು ಬೇಕೆಂದೇ ಬಿಟ್ಟುಕೊಟ್ಟಿದೆ. ಸ್ವರವಿಲ್ಲದ ಮಾತು ಪೆಟ್ಟಿನಂತೆ ಬೀಳುತ್ತದೆ. ಗಿಟಾರ್ ನುಡಿಸುವವನು ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ನಾದವನ್ನು ಮೊಟಕುಗೊಳಿಸಿದಾಗ ಅದೂ ಚರ್ಮವಾದ್ಯದ ಮಾತನ್ನೇ ಆಡುತ್ತದೆ. ಬೇರೆ ಸಂಗೀತದಲ್ಲಿ ರಾಗ ಹೊರುವ ಭಾರದ ಬಹುಪಾಲನ್ನು ಇಲ್ಲಿ ಲಯ ಹೊರುತ್ತದೆ. ಆದ್ದರಿಂದ ಹಾಡನ್ನು ಹುಡುಕಬೇಡಿ, ಸ್ನೇರ್ ಡ್ರಮ್ಮನ್ನು ಹುಡುಕಿ. ‘ಟಪ್’ ಎಂದು ಒಡೆದು ಕೇಳುವ ಆ ಪೆಟ್ಟು ಸಿಕ್ಕಿದರೆ ಉಳಿದದ್ದೂ ನಿಧಾನವಾಗಿ ಸಿಗುತ್ತದೆ.

ಥ್ರ್ಯಾಶ್, ಡೆತ್, ಬ್ಲ್ಯಾಕ್, ಡೂಮ್ ಎನ್ನುತ್ತೀರಿ. ನನಗೆ ಎಲ್ಲವೂ ಒಂದೇ ಥರ ಕೇಳುತ್ತವೆ. ಗುರುತಿಸುವುದು ಹೇಗೆ?

ಕೋಣೆಗೆ ಬಂದವರಿಗೆಲ್ಲ ನಾನು ಮಾಡಿ ತೋರಿಸುವ ಒಂದು ಆಟವಿದೆ. ಗಿಟಾರಿನ ಹುಡುಗ ಒಂದೇ ರಿಫ್ ಅನ್ನು, ಅಂದರೆ ಮತ್ತೆ ಮತ್ತೆ ಬರುವ ಒಂದು ಪುಟ್ಟ ಸ್ವರಗುಚ್ಛವನ್ನು, ನಿಮಿಷಕ್ಕೆ 120 ಎಣಿಕೆಯಲ್ಲಿ ನುಡಿಸುತ್ತಾ ಹೋಗುತ್ತಾನೆ. ಅವನು ಏನನ್ನೂ ಬದಲಿಸುವುದಿಲ್ಲ. ನಾನು ಸ್ನೇರಿನ ಜಾಗವನ್ನಷ್ಟೇ ಬದಲಿಸುತ್ತೇನೆ.

ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಸ್ನೇರ್ ಮೂರರ ಮೇಲೆ ಮಾತ್ರ ಬಿದ್ದರೆ ರಿಫ್ ಕಲ್ಲು ಕಟ್ಟಿದಂತೆ ಭಾರವಾಗುತ್ತದೆ. ಅದು ಡೂಮ್‌ನ ನಡೆ, ಹಾಡು ದಿಢೀರನೆ ನಿಧಾನಕ್ಕೆ ಬೀಳುವ ಬ್ರೇಕ್‌ಡೌನ್‌ನ ನಡೆ. ಎರಡು ಮತ್ತು ನಾಲ್ಕರ ಮೇಲೆ ಬಿದ್ದರೆ ಸಾಮಾನ್ಯ ರಾಕ್. ಪ್ರತಿ ಎರಡು ಎಣಿಕೆಗಳ ನಡುವಿನ ಸಂದಿಯಲ್ಲಿ ಬಿದ್ದರೆ, ಅಂದರೆ ನಾಲ್ಕು ಸಲ, ಥ್ರ್ಯಾಶ್; ಕೇಳುವವರ ಕಾಲು ತಾನಾಗಿ ಓಡತೊಡಗುತ್ತದೆ. ಆ ಸಂದಿಗಳನ್ನೂ ಇಬ್ಭಾಗ ಮಾಡಿ ಎಂಟು ಸಲ ಹೊಡೆದರೆ ಬ್ಲಾಸ್ಟ್ ಬೀಟ್. ಒಂದು, ಎರಡು, ನಾಲ್ಕು, ಎಂಟು. ಎಣಿಕೆ ತಟ್ಟುವ ಯಂತ್ರವಾದ ಮೆಟ್ರೊನೋಮ್ ಅಲುಗಿಲ್ಲ, ಗಿಟಾರ್ ಅಲುಗಿಲ್ಲ; ಆದರೂ ಕೇಳುವವರು ‘ಬೇರೆ ಹಾಡು ಶುರುವಾಯಿತು’ ಎನ್ನುತ್ತಾರೆ. ಒಬ್ಬ ತಾಯಿಯಂತೂ ಗಿಟಾರಿನ ಹುಡುಗನನ್ನು ಕರೆದು ‘ನೀನು ಬೆರಳು ಬದಲಿಸಿದ್ದನ್ನು ನಾನೇ ನೋಡಿದೆ ಕಣಪ್ಪಾ’ ಎಂದು ವಾದಕ್ಕಿಳಿದಿದ್ದರು.

ಇದು ಕಚ್ಚಾ ಅಳತೆ. ಡೆತ್ ಮೆಟಲ್ ಈ ನಾಲ್ಕನ್ನೂ ಒಂದೇ ಹಾಡಿನಲ್ಲಿ ಬಳಸುತ್ತದೆ. ಆದರೂ ಗಿಟಾರ್ ಕೇಳಿ ಪ್ರಕಾರವನ್ನು ಊಹಿಸುವವರಿಗಿಂತ ಸ್ನೇರ್ ಎಣಿಸುವವರು ಕಡಿಮೆ ತಪ್ಪುತ್ತಾರೆ.

ಬ್ಲಾಸ್ಟ್ ಬೀಟ್ ಎಂದರೆ ಕೈಲಾದಷ್ಟು ಜೋರಾಗಿ ಹೊಡೆಯುವುದು ತಾನೆ?

ಅಲ್ಲ. ಜೋರಾಗಿ ಹೊಡೆದವನು ಅರ್ಧ ನಿಮಿಷಕ್ಕೆ ಕೈ ಚೆಲ್ಲುತ್ತಾನೆ.

ಮೂಲ ರೂಪದಲ್ಲಿ ಬಲಗೈ ಸಿಂಬಲ್ ಎಂಬ ಲೋಹದ ತಟ್ಟೆಗೂ ಬಲಗಾಲು ಬಾಸ್ ಡ್ರಮ್ಮಿಗೂ ಒಟ್ಟಿಗೆ ಬೀಳುತ್ತವೆ. ಅವುಗಳ ನಡುವೆ ಎಡಗೈ ಸ್ನೇರ್ ಹೊಡೆಯುತ್ತದೆ. ನಿಮಿಷಕ್ಕೆ 200 ಎಣಿಕೆಯಲ್ಲಿ ಒಂದೊಂದು ಕೈಗೂ ನಿಮಿಷಕ್ಕೆ 400 ಪೆಟ್ಟು, ಎರಡೂ ಸೇರಿ 800. ಸೆಕೆಂಡಿಗೆ ಹದಿಮೂರಕ್ಕೂ ಹೆಚ್ಚು. ಇಷ್ಟಕ್ಕೆ ತೋಳಿನ ಬಲ ಸಾಲದು. ಚರ್ಮದಿಂದ ಪುಟಿದು ಬರುವ ಕೋಲನ್ನು ಬೆರಳುಗಳು ಮತ್ತೆ ಕೆಳಗೆ ತಳ್ಳಬೇಕು. ಕೈ, ಕಾಲು, ಸ್ನೇರ್ ಮೂರೂ ಒಮ್ಮೆಗೇ ಬಿದ್ದರೆ ಅದು ಹ್ಯಾಮರ್ ಬ್ಲಾಸ್ಟ್. ಮೇಲೆ ಬ್ಲಾಸ್ಟ್ ನಡೆಯುವಾಗ ಕೆಳಗೆ ಎರಡೂ ಕಾಲುಗಳು ದುಪ್ಪಟ್ಟು ಓಡಿದರೆ ಬಾಂಬ್ ಬ್ಲಾಸ್ಟ್. ಗ್ರ್ಯಾವಿಟಿ ಬ್ಲಾಸ್ಟ್‌ನಲ್ಲಿ ಕೋಲನ್ನು ಸ್ನೇರಿನ ಅಂಚಿಗೆ ಆನಿಸಿ ಏತದಂತೆ ಆಡಿಸುತ್ತಾರೆ. ಕೆಳಗೆ ಹೋಗುವಾಗ ಒಂದು, ಮೇಲೆ ಬರುವಾಗ ಒಂದು, ಒಂದೇ ಕೈಯಲ್ಲಿ ಎರಡು ಪೆಟ್ಟು.

ಬ್ಲಾಸ್ಟ್ ಬೀಟ್ ಎಂಬ ಹೆಸರನ್ನು ಜನರ ಬಾಯಿಗೆ ಹತ್ತಿಸಿದವನು ಬರ್ಮಿಂಗ್‌ಹ್ಯಾಮ್‌ನ ನೇಪಾಮ್ ಡೆತ್ ತಂಡದ ಮಿಕ್ ಹ್ಯಾರಿಸ್. ಹೊಡೆತ ಅವನಿಗಿಂತ ಹಳೆಯದು: ಬಾಸ್ಟನ್ ಕಡೆಯ ಸೀಜ್ ತಂಡದಲ್ಲೂ ಕೇಳುತ್ತದೆ. ಅದಕ್ಕೆ ಗಡಿಯಾರದ ಶಿಸ್ತು ತಂದವರಲ್ಲಿ ಪೀಟ್ ಸ್ಯಾಂಡೋವಲ್ ಹೆಸರು ಮೊದಲು ಬರುತ್ತದೆ; 1989ರಲ್ಲಿ ಟೆರರೈಸರ್ ಮತ್ತು ಮಾರ್ಬಿಡ್ ಏಂಜೆಲ್ ಎರಡರ ಆಲ್ಬಮ್ಮಿನಲ್ಲೂ ನುಡಿಸಿದವನು ಅವನೇ.

ಅಷ್ಟು ವೇಗಕ್ಕೆ ಸರಿಯಾಗಿ ತಲೆ ಹೇಗೆ ಆಡಿಸುತ್ತಾರೆ? ಕುತ್ತಿಗೆ ಉಳುಕುವುದಿಲ್ಲವೇ?

ಅಷ್ಟು ವೇಗದಲ್ಲಿ ಯಾರೂ ಆಡಿಸುವುದಿಲ್ಲ. ಎಣಿಕೆ 240 ಇದ್ದರೆ ತಲೆ ಅರ್ಧಕ್ಕೆ, 120ರ ಆಸುಪಾಸಿಗೆ, ತಾನಾಗಿ ಇಳಿಯುತ್ತದೆ. ಅದು ಮೈಗೆ ಒಗ್ಗುವ ವೇಗ. ಉಳುಕು ಮರುದಿನ ಬೆಳಿಗ್ಗೆ ಬರುತ್ತದೆ, ಖಚಿತವಾಗಿ.

## ಪ್ರಕಾರಗಳ ಒಳಗೆ

ಡಿ-ಬೀಟ್‌ನ ‘ಡಿ’ ಎಂದರೆ ಡ್ರಮ್ ಎಂದೇ?

ಡಿಸ್‌ಚಾರ್ಜ್ ಎಂದು. ಇಂಗ್ಲೆಂಡಿನ ಪಂಕ್ ತಂಡ, 1982ರ ಆಲ್ಬಮ್ಮಿನಿಂದ ಹೆಸರಾದದ್ದು. ಬಾಸ್ ಡ್ರಮ್ ಸ್ವಲ್ಪ ತಡವರಿಸಿ ಮುಗ್ಗರಿಸಿದಂತೆ ಬಂದು ಮತ್ತೆ ಓಟಕ್ಕೆ ಸೇರಿಕೊಳ್ಳುವ ನಡೆ. ಸ್ವೀಡನ್ನಿನ ಡೆತ್ ಮೆಟಲ್ ಇದನ್ನು ತನ್ನದಾಗಿಸಿಕೊಂಡಿತು. ಸ್ಟಾಕ್‌ಹೋಮ್‌ನ ಎಂಟೂಮ್ಡ್ ತಂಡದ 1990ರ ಮೊದಲ ಆಲ್ಬಮ್ ಕೇಳಿದರೆ ಸಾಕು.

ಬ್ಲ್ಯಾಕ್ ಮೆಟಲ್ ಕೇಳಿದರೆ ನನಗೆ ನಿದ್ದೆ ಬರುತ್ತದೆ. ದೋಷ ನನ್ನ ಕಿವಿಯದ್ದೇ?

ದೋಷವಲ್ಲ, ನಿಮ್ಮ ಕಿವಿ ಸರಿಯಾದ ಜಾಗಕ್ಕೇ ಹೋಗಿದೆ.

ನಮ್ಮೂರಿನ ಮಂಡಕ್ಕಿ ಭಟ್ಟಿಯ ಎದುರು ಒಂದು ಗಳಿಗೆ ನಿಂತು ನೋಡಿ. ಕಾದ ಮರಳಿಗೆ ಅಕ್ಕಿ ಬಿದ್ದಾಗ ಮೊದಲ ಕೆಲವು ಕಾಳು ಚಟ್, ಚಟ್ ಎಂದು ಬಿಡಿಬಿಡಿಯಾಗಿ ಸಿಡಿಯುತ್ತವೆ, ಬೇಕಾದರೆ ಎಣಿಸಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆಯೆಲ್ಲ ಒಮ್ಮೆಲೇ ಅರಳುತ್ತದೆ, ಸದ್ದು ‘ಚರ್ರ್’ ಎಂಬ ಒಂದೇ ಹಾಸಾಗುತ್ತದೆ. ಆಮೇಲೆ ನೀವು ಕಾಳನ್ನು ಎಣಿಸುವುದಿಲ್ಲ, ಜರಡಿ ಯಾವಾಗ ಏಳುತ್ತದೆ ಎಂದು ನೋಡುತ್ತೀರಿ.

ಕಿವಿಯ ಲೆಕ್ಕವೂ ಹೀಗೆಯೇ. ಪೆಟ್ಟುಗಳು ಸೆಕೆಂಡಿಗೆ 20ರ ಹತ್ತಿರ ಹೋದರೆ ಬಿಡಿ ಪೆಟ್ಟಾಗಿ ಉಳಿಯದೆ ಒಂದು ಶ್ರುತಿಯಾಗತೊಡಗುತ್ತವೆ. ಬ್ಲಾಸ್ಟ್ ಅಲ್ಲಿಗೆ ಮುಟ್ಟುವುದಿಲ್ಲ, ಆದರೆ ಆ ಹೊಸ್ತಿಲಿನವರೆಗೆ ಬರುತ್ತದೆ. ಅದರ ಜೊತೆಗೆ ಗಿಟಾರ್ ಒಂದೇ ತಂತಿಯನ್ನು ಟ್ರೆಮೊಲೊ ಶೈಲಿಯಲ್ಲಿ ಬಿಡುವಿಲ್ಲದೆ ಮೀಟಿದರೆ ಎರಡೂ ಸೇರಿ ತಂಬೂರಿಯ ಕೆಲಸ ಮಾಡುತ್ತವೆ. ಆಗ ಕಿವಿ ಹಿಡಿಯುವುದು ಪೆಟ್ಟನ್ನಲ್ಲ, ಎಂಟು ಹತ್ತು ಸೆಕೆಂಡಿಗೊಮ್ಮೆ ಬದಲಾಗುವ ಸ್ವರವನ್ನು. ಮೇಲ್ಮೈಯಲ್ಲಿ ಅತಿ ದ್ರುತ, ಒಳಗೆ ವಿಳಂಬ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಇದಕ್ಕೆ ಶುದ್ಧ ಉದಾಹರಣೆ. ಅದರಲ್ಲಿ ವಾದ್ಯಗಳನ್ನೆಲ್ಲ ನುಡಿಸಿದವನು ಡ್ರಮ್ಮರ್ ಫೆನ್ರಿಜ್ ಒಬ್ಬನೇ. ಡ್ರಮ್ ಏನನ್ನೂ ಅಲಂಕರಿಸುವುದಿಲ್ಲ, ಫಿಲ್ (ನಡೆ ಬಿಟ್ಟು ಹಾಕುವ ಚಿಕ್ಕ ಅಲಂಕಾರದ ಹೊಡೆತ) ಇಲ್ಲವೆನ್ನುವಷ್ಟು ಕಡಿಮೆ. ನನ್ನ ವಿದ್ಯಾರ್ಥಿಗಳು ಇದನ್ನು ‘ಬೋರು’ ಎನ್ನುತ್ತಾರೆ. ನುಡಿಸಲು ಕೂರಿಸಿದಾಗ ಎರಡನೇ ನಿಮಿಷಕ್ಕೆ ತಾವಾಗಿಯೇ ಒಂದು ಫಿಲ್ ತುರುಕಿ ಎಲ್ಲವನ್ನೂ ಕೆಡಿಸುತ್ತಾರೆ.

ಡೂಮ್ ನುಡಿಸುವುದು ಸುಲಭ ಅಲ್ಲವೇ? ನಿಧಾನ ತಾನೆ?

ಇಷ್ಟು ವರ್ಷಗಳಲ್ಲಿ ನನ್ನ ಕೋಣೆಯಲ್ಲಿ ಅತಿ ಹೆಚ್ಚು ಜನ ಎಡವಿದ್ದು ಇಲ್ಲೇ.

ನಿಮಿಷಕ್ಕೆ 50 ಎಣಿಕೆ ಎಂದರೆ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ 1.2 ಸೆಕೆಂಡ್. ಆ ಖಾಲಿ ಜಾಗದಲ್ಲಿ ಕೈ ಸುಮ್ಮನಿರಲಾರದು, ಪ್ರತಿ ಸಲವೂ ಕೂದಲೆಳೆಯಷ್ಟು ಮೊದಲೇ ಇಳಿಯುತ್ತದೆ. ವೇಗದ ಹಾಡಿನಲ್ಲಿ ಈ ತಪ್ಪು ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಬಟ್ಟೆ ಬಿಚ್ಚಿ ಬೀದಿಯಲ್ಲಿ ನಿಂತಂತೆ. ನಾನು ಹೇಳಿಕೊಡುವ ಉಪಾಯ ಹಳೆಯದು: ಎರಡು ಪೆಟ್ಟುಗಳ ನಡುವೆ ‘ತಕಧಿಮಿ ತಕಜನು’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು. ಖಾಲಿಯನ್ನು ಖಾಲಿ ಬಿಡದೆ ಒಳಗೊಳಗೇ ತುಂಬಿಕೊಂಡವನು ಮಾತ್ರ ಹೊರಗೆ ಮೌನವಾಗಿರಬಲ್ಲ.

ಈ ನಡೆಯ ಬೇರು 1970ರ ಬ್ಲ್ಯಾಕ್ ಸಬ್ಬತ್‌ನಲ್ಲಿದೆ. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿಹರೆಯದಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯೊಂದರಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡವನು. ಬೆರಳಿಗೆ ತಾನೇ ಟೊಪ್ಪಿ ಮಾಡಿಕೊಂಡು, ಹಗುರವಾದ ತಂತಿ ಹಾಕಿ, ಮುಂದೆ ಶ್ರುತಿಯನ್ನೂ ಇಳಿಸಿದ. ಸಡಿಲ ತಂತಿ ಹೆಚ್ಚು ಹೊತ್ತು ಗುಂಯ್‌ಗುಡುತ್ತದೆ, ನಿಧಾನವನ್ನು ಬೇಡುತ್ತದೆ. ಗಿರಣಿಗಳ ಊರಿನವರಾದ ನಮಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಇದರ ತುದಿಯನ್ನು ನೋಡಬೇಕೆನ್ನುವವರು ಫಿನ್‌ಲೆಂಡಿನ ಥರ್ಗೊಥಾನ್, ಸ್ಕೆಪ್ಟಿಸಿಸಮ್ ತಂಡಗಳ ಫ್ಯೂನರಲ್ ಡೂಮ್ ಕೇಳಬೇಕು. ಅದರ ಮುಂದೆ ಶವಯಾತ್ರೆಯೂ ಅವಸರದ್ದಾಗಿ ಕಾಣುತ್ತದೆ.

ಡೆತ್ ಮೆಟಲ್‌ನಲ್ಲಿ ಓಡುತ್ತಾ ಓಡುತ್ತಾ ದಿಢೀರನೆ ನಿಂತುಬಿಡುತ್ತಾರಲ್ಲ, ಯಾಕೆ?

ಕಿವಿ ಬಹಳ ಬೇಗ ಒಗ್ಗಿಕೊಳ್ಳುತ್ತದೆ. ಅರ್ಧ ನಿಮಿಷ ಬ್ಲಾಸ್ಟ್ ಕೇಳಿದ ಮೇಲೆ ಅದು ವೇಗ ಎನಿಸುವುದೇ ಇಲ್ಲ. ಬೆಂಗಳೂರು ಬಸ್ಸಿನಲ್ಲಿ ಹೆದ್ದಾರಿಯ ವೇಗ ಮರೆತುಹೋದಂತೆ, ಬ್ರೇಕ್ ಹಾಕಿದಾಗಲೇ ಗೊತ್ತಾಗುವುದು. ನ್ಯೂಯಾರ್ಕ್‌ನ ಸಫೊಕೇಶನ್ ತಂಡ 1991ರಲ್ಲಿ ಈ ಬ್ರೇಕನ್ನೇ ಹಾಡಿನ ಮುಖ್ಯ ಘಟ್ಟವಾಗಿ ಮಾಡಿತು. ಬ್ಲಾಸ್ಟ್ ಕಡಿದು ಸ್ನೇರ್ ಒಮ್ಮೆಲೇ ಅರ್ಧ ನಡೆಗೆ ಬೀಳುತ್ತದೆ, ಗಿಟಾರ್ ಮತ್ತು ಬಾಸ್ ಡ್ರಮ್ ಒಂದೇ ಮುಷ್ಟಿಯಾಗಿ ಗುದ್ದುತ್ತವೆ. ಮುಂದೆ ಸ್ಲ್ಯಾಮ್, ಡೆತ್‌ಕೋರ್ ಎಂದು ಬೆಳೆದದ್ದಕ್ಕೆಲ್ಲ ಇದು ಬೀಜ. ಈಗಿನ ಕೆಲವು ತಂಡಗಳು ಬೀಜವನ್ನಷ್ಟೇ ಇಟ್ಟುಕೊಂಡು ಓಟವನ್ನು ಬಿಟ್ಟಿವೆ. ಓಡದವನು ನಿಂತರೆ ಯಾರಿಗೆ ಗೊತ್ತಾಗುತ್ತದೆ?

ಒಂದು ಸೆಕೆಂಡಿನ ಹಾಡೂ ಇದೆಯಂತೆ, ನಿಜವೇ?

ನಿಜ. ನೇಪಾಮ್ ಡೆತ್‌ನ ‘ಯೂ ಸಫರ್’ 1.316 ಸೆಕೆಂಡಿನದು, ಅತಿ ಚಿಕ್ಕ ಹಾಡೆಂದು ಗಿನ್ನೆಸ್ ದಾಖಲೆಗೆ ಸೇರಿದೆ. 28 ಹಾಡುಗಳ 1987ರ ಆಲ್ಬಮ್ ‘ಸ್ಕಮ್’ನಲ್ಲಿ ಇದೂ ಒಂದು. ಇದರಲ್ಲಿ ತಾಳ ಹುಡುಕಬೇಡಿ, ಸೀನಿನಲ್ಲಿ ತಾಳ ಹುಡುಕಿದಂತಾಗುತ್ತದೆ.

## ಕೈಕಾಲು, ಮನೆ, ಕರೆಂಟು

ಮಗ ಡಬಲ್ ಪೆಡಲ್ ಬೇಕೆಂದು ಊಟ ಬಿಟ್ಟಿದ್ದಾನೆ. ಕೊಡಿಸಲೇ?

ಮೊದಲು ಊಟ ಮಾಡಿಸಿ. ಡಬಲ್ ಪೆಡಲ್ ಎಂದರೆ ಒಂದೇ ಬಾಸ್ ಡ್ರಮ್ಮನ್ನು ಎರಡೂ ಕಾಲಿನಿಂದ ಹೊಡೆಯಲು ಬಿಡುವ ಜೋಡಿ ಪೆಡಲ್. ಒಂದು ಕಾಲಿನಲ್ಲಿ ಸಮನಾಗಿ ಹೊಡೆಯಲು ಬಾರದವನಿಗೆ ಎರಡನೇ ಪೆಡಲ್ ಕೊಟ್ಟರೆ ತಪ್ಪೂ ದುಪ್ಪಟ್ಟಾಗುತ್ತದೆ. ಆರು ತಿಂಗಳು ಒಂದೇ ಪೆಡಲ್, ಅದರ ಜೊತೆ ಎಡಗಾಲಿಗೆ ನೆಲದ ಮೇಲೆ ಬರಿಗಾಲಿನ ಅಭ್ಯಾಸ. ಆಸನದ ಎತ್ತರ ಮಂಡಿ ಸೊಂಟಕ್ಕಿಂತ ತುಸು ಕೆಳಗಿಳಿಯುವಷ್ಟಿರಲಿ. ನಿಧಾನದಲ್ಲಿ ಇಡೀ ಕಾಲು, ವೇಗ ಏರಿದಂತೆ ಹಿಮ್ಮಡಿ ಎತ್ತಿ ಬರೀ ಕಣಕಾಲು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಉರಿ ಎದ್ದರೆ ಅಂದಿಗೆ ನಿಲ್ಲಿಸಲಿ. ‘ನೋವು ಬಂದರೆ ಬಲ ಬರುತ್ತದೆ’ ಎನ್ನುವ ಮಾತು ಗರಡಿ ಮನೆಗೆ ಇರಲಿ.

ಮೆಟ್ರೊನೋಮ್ ಇಟ್ಟುಕೊಂಡರೆ ಭಾವ ಸತ್ತುಹೋಗುತ್ತದೆ ಎನ್ನುತ್ತಾರಲ್ಲ?

ಕಳೆದ ಬೇಸಿಗೆಯ ಒಂದು ಸಂಜೆ. ಹುಡುಗರು ಬ್ಲಾಸ್ಟ್‌ನ ನಡುವೆ ಇದ್ದರು, ಕರೆಂಟು ಹೋಯಿತು. ಆಂಪ್ಲಿಫೈಯರುಗಳು ಉಸಿರು ಬಿಟ್ಟು ಸತ್ತವು, ಫ್ಯಾನ್ ನಿಂತಿತು, ಗಿಟಾರ್ ಬರೀ ತಂತಿಯ ಕಿಚಿಕಿಚಿಯಾಯಿತು. ಡ್ರಮ್ಮರ್ ಮಾತ್ರ ಹಟಕ್ಕೆ ಬಿದ್ದು ಕತ್ತಲಲ್ಲೇ ಮುಂದುವರಿದ. ಆಗ ಕೇಳಿಸಿತು: ಅವನ ಎಡಗೈ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತಿರಲಿಲ್ಲ, ಬಲಗೈಯ ಬಾಲಕ್ಕೆ ಅಂಟಿಕೊಂಡು ಕುಂಟುತ್ತಿತ್ತು. ಮೂರು ತಿಂಗಳಿನಿಂದ ಗಿಟಾರಿನ ಗದ್ದಲ ಅದನ್ನು ಮುಚ್ಚಿಟ್ಟಿತ್ತು. ಅವನಿಗೂ ಕೇಳಿಸಿತು, ಕೋಲು ಕೆಳಗಿಟ್ಟು ಸುಮ್ಮನೆ ಕುಳಿತ.

ಮರುದಿನದಿಂದ ಮೆಟ್ರೊನೋಮನ್ನು 80ಕ್ಕೆ ಇಳಿಸಿದೆವು, ವಾರಕ್ಕೆ ನಾಲ್ಕು ಎಣಿಕೆಯಂತೆ ಏರಿಸಿದೆವು. ಈಗ 168ರಲ್ಲಿದ್ದಾನೆ, ಕುಂಟು ಇಲ್ಲ. ಭಾವದ ಪ್ರಶ್ನೆ ಅದಾದ ಮೇಲಿನದು.

ಟ್ರಿಗರ್ ಹಾಕುವುದು ಮೋಸವಲ್ಲವೇ?

ಟ್ರಿಗರ್ ಎಂದರೆ ಡ್ರಮ್ಮಿಗೆ ಸಿಕ್ಕಿಸುವ ಸಂವೇದಕ. ಪೆಟ್ಟು ಬಿದ್ದೊಡನೆ ಮೊದಲೇ ಧ್ವನಿಮುದ್ರಿಸಿದ ಸದ್ದನ್ನು ಹೊರಡಿಸುತ್ತದೆ. ವೇಗ ಏರಿದಂತೆ ಕಾಲಿನ ಪೆಟ್ಟು ಮೆತ್ತಗಾಗುತ್ತದೆ, ಆ ಮೆತ್ತಗಿನ ಪೆಟ್ಟನ್ನು ಗಿಟಾರ್ ನುಂಗುತ್ತದೆ. ಅದಕ್ಕೆ ಈ ಉಪಕರಣ. ಇದು ಸದ್ದನ್ನು ಸಮಮಾಡುತ್ತದೆ, ಸಮಯವನ್ನಲ್ಲ. ಕುಂಟುವ ಕಾಲಿಗೆ ಹಾಕಿದರೆ ಕುಂಟು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಧ್ವನಿಮುದ್ರಣದ ನಂತರ ಕಂಪ್ಯೂಟರಿನಲ್ಲಿ ಒಂದೊಂದು ಪೆಟ್ಟನ್ನೂ ಎಳೆದು ಗೆರೆಗೆ ಕೂರಿಸುತ್ತಾರಲ್ಲ, ನನ್ನ ತಕರಾರು ಅದರ ಮೇಲೆ.

## ಆಳಕ್ಕೆ ಇಳಿದವರಿಗೆ

ಪಾಲಿರಿದಮ್, ಪಾಲಿಮೀಟರ್ ಎರಡೂ ಒಂದೇ ಅಲ್ಲವೇ?

ಒಂದೇ ಹೊತ್ತಿನಲ್ಲಿ ಒಬ್ಬ ಮೂರು, ಇನ್ನೊಬ್ಬ ನಾಲ್ಕು ಸಮ ಪೆಟ್ಟು ಹಾಕಿ ಇಬ್ಬರೂ ಒಟ್ಟಿಗೆ ಮುಗಿಸಿದರೆ ಪಾಲಿರಿದಮ್. ಅಕ್ಷರದ, ಅಂದರೆ ಅತಿ ಸಣ್ಣ ಎಣಿಕೆಯ, ಅಳತೆ ಇಬ್ಬರಿಗೂ ಒಂದೇ ಇದ್ದು, ಒಬ್ಬನ ಆವರ್ತ ಏಳಕ್ಕೆ ಇನ್ನೊಬ್ಬನದು ಎಂಟಕ್ಕೆ ಮುಗಿಯುತ್ತಿದ್ದರೆ ಪಾಲಿಮೀಟರ್. ಇಬ್ಬರ ‘ಒಂದು’ ದೂರ ದೂರ ಸರಿದು 56 ಅಕ್ಷರಗಳ ನಂತರ ಮತ್ತೆ ಸೇರುತ್ತದೆ. ಮೆಟಲ್‌ನಲ್ಲಿ ಮೊದಲನೆಯದೆಂದು ಜನ ಕರೆಯುವುದರಲ್ಲಿ ಹೆಚ್ಚಿನದು ನಿಜವಾಗಿ ಎರಡನೆಯದು.

ಮೆಶುಗ್ಗಾ ಕೇಳುವಾಗ ತಲೆ ಆಡಿಸುತ್ತಿರುತ್ತೇನೆ, ಗಿಟಾರ್ ಮಾತ್ರ ಕೈಗೆ ಸಿಗದೆ ಜಾರುತ್ತದೆ. ಎಣಿಸುವುದು ಹೇಗೆ?

ಸ್ವೀಡನ್ನಿನ ಈ ತಂಡದ ಒಂದು ಹಾಡನ್ನು ಬಿಡಿಸಿದರೆ ಉಳಿದವಕ್ಕೆ ದಾರಿ ಸಿಗುತ್ತದೆ. 1998ರ ‘ನ್ಯೂ ಮಿಲೇನಿಯಮ್ ಸಯನೈಡ್ ಕ್ರೈಸ್ಟ್’ನ ಆರಂಭದಲ್ಲಿ ಡ್ರಮ್ಮರ್ ಟೊಮಾಸ್ ಹಾಕೆಯ ಕೈಗಳು ನೇರವಾಗಿ ನಾಲ್ಕರಲ್ಲಿ ನಡೆಯುತ್ತವೆ, ನಿಮ್ಮ ತಲೆ ಹಿಡಿದಿರುವುದು ಇದನ್ನು. ಅವನ ಕಾಲುಗಳು ಮತ್ತು ಗಿಟಾರುಗಳು 23 ಅಕ್ಷರಗಳ ಬೇರೊಂದು ಆವರ್ತದಲ್ಲಿವೆ. ಕೈಗಳ ಒಂದು ಆವರ್ತಕ್ಕೆ 16 ಅಕ್ಷರ. ಹಾಗಾಗಿ ರಿಫ್‌ನ ಎರಡನೇ ಸುತ್ತು ಎರಡನೇ ಆವರ್ತದ 8ನೇ ಅಕ್ಷರದಲ್ಲಿ ಹುಟ್ಟುತ್ತದೆ, ಮೂರನೆಯದು ಮೂರನೇ ಆವರ್ತದ 15ನೇ ಅಕ್ಷರದಲ್ಲಿ. ಹೀಗೆ ಐದು ಸುತ್ತಿಗೆ 115 ಅಕ್ಷರ. ಎಂಟು ಆವರ್ತಕ್ಕೆ 128 ಬೇಕು. ಉಳಿದ 13ಕ್ಕೆ ರಿಫ್ ಅನ್ನು ನಡುವೆಯೇ ಕತ್ತರಿಸಿ, ಎಲ್ಲರೂ ಒಟ್ಟಿಗೆ ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಬಂದು ಇಳಿಯುತ್ತಾರೆ.

ಇದನ್ನು ಹಲಗೆಯ ಮೇಲೆ ಬರೆದು ಫೋಟೊ ತೆಗೆದು ಹರಿಹರದ ಮೇಷ್ಟ್ರಿಗೆ ಕಳುಹಿಸಿದೆ. ಅವರ ಉತ್ತರ ಒಂದೇ ಸಾಲಿನದು: ‘ಭಾಮಿನಿ ಷಟ್ಪದಿಯ ಮೂರನೇ ಪಾದಕ್ಕೆ ಎಷ್ಟು ಮಾತ್ರೆ?’ ಹತ್ತನೇ ತರಗತಿಯಲ್ಲಿ ಪ್ರಸ್ತಾರ ಹಾಕಿದವರು ನೆನಪಿಸಿಕೊಳ್ಳಿ. ಮೂರು ನಾಲ್ಕು, ಮೂರು ನಾಲ್ಕು, ಮೂರು ನಾಲ್ಕು, ಮೇಲೊಂದು ಗುರು. ಇಪ್ಪತ್ತಮೂರು! ಸ್ವೀಡನ್ನಿನವರು ಷಟ್ಪದಿ ಓದಿದವರಲ್ಲ, ಇದು ಶುದ್ಧ ಕಾಕತಾಳೀಯ. ರಿಫ್‌ನ ಒಳಗಿನ ವಿಂಗಡಣೆಯೂ ಭಾಮಿನಿಯದಾಗಬೇಕಿಲ್ಲ. ಆದರೆ 23ನ್ನು ಮೈಗೆ ಹತ್ತಿಸಿಕೊಳ್ಳಲು ನಮಗೆ ಒಂದು ಹಿಡಿಕೆ ಸಿಕ್ಕಿತು. ಕಾಲಿನಲ್ಲಿ ನಾಲ್ಕು ನಾಲ್ಕಾಗಿ ತಟ್ಟುತ್ತಾ ಬಾಯಲ್ಲಿ ‘ತಕಿಟ ತಕಧಿಮಿ’ ಮೂರು ಸಲ ಹೇಳಿ, ಕೊನೆಗೆ ಎರಡು ಮಾತ್ರೆಯ ‘ತಾಂ’. ಐದು ಸುತ್ತು ಆದ ಮೇಲೆ 13ಕ್ಕೆ ಕತ್ತರಿಸಿ. ನನಗೆ ಹನ್ನೊಂದು ದಿನ ಹಿಡಿಯಿತು.

ಮೃದಂಗ ಕಲಿತವರಿಗೆ ಇದು ನೀರು ಕುಡಿದಷ್ಟು ಸುಲಭವಾಗಬೇಕಲ್ಲವೇ?

ಲೆಕ್ಕ ಸುಲಭ, ಮನಸ್ಸು ಕಷ್ಟ. ಚಿತ್ರದುರ್ಗದ ಆ ಇಬ್ಬರಿಗೆ 23 ತಿಳಿಯಲು ಒಂದು ಗಂಟೆ ಸಾಕಾಯಿತು. ಅವರಿಗೆ ನುಂಗಲಾಗದ್ದು ಆ 13. ‘ಮುಕ್ತಾಯ ಎಲ್ಲಿ?’ ಎಂದು ಕೇಳಿದರು. ನಮ್ಮಲ್ಲಿ ಸಮಕ್ಕೆ ಬಂದು ಸೇರುವುದನ್ನು ಮೊದಲಿನಿಂದ ಲೆಕ್ಕ ಹಾಕಿ, ಮೂರು ಸಲ ಹೇಳಿ, ಮೆಟ್ಟಿಲು ಕಟ್ಟಿ ಇಳಿಯುತ್ತೇವೆ. ಇವರು ಬಟ್ಟೆ ಉದ್ದವಾಯಿತೆಂದು ಕತ್ತರಿ ಹಾಕುತ್ತಾರೆ. ನನಗೆ ಆ ಒರಟುತನವೇ ಇಷ್ಟ. ಅವರಿಗೆ ಇನ್ನೂ ಇಷ್ಟವಾಗಿಲ್ಲ.

ಇನ್ನೊಂದು ತೊಡಕು ಕೈಯದು. ಮೃದಂಗದ ಎಡಗೈ ಗುಮ್ಕಿಯಲ್ಲಿ, ಅಂದರೆ ಚರ್ಮವನ್ನು ಒತ್ತಿ ಹೊರಡಿಸುವ ತಗ್ಗಿನ ನಾದದಲ್ಲಿ, ಪ್ರತಿ ಪೆಟ್ಟಿಗೂ ಬೇರೆ ಬಣ್ಣ ಕೊಡುತ್ತದೆ. ಬ್ಲಾಸ್ಟ್‌ಗೆ ಸಾವಿರ ಪೆಟ್ಟೂ ಒಂದೇ ಬಣ್ಣದವಾಗಬೇಕು. ಕಲಿತದ್ದನ್ನು ಅಡಗಿಸುವುದು ಹೊಸದನ್ನು ಕಲಿಯುವುದಕ್ಕಿಂತ ನಿಧಾನ.

ನಮ್ಮ ಡೊಳ್ಳು, ತಮಟೆ, ಉರುಮೆಯನ್ನು ಮೆಟಲ್‌ಗೆ ಸೇರಿಸಬಹುದೇ?

ಬ್ರೆಜಿಲ್ಲಿನ ಸೆಪುಲ್ಟುರಾ 1996ರ ‘ರೂಟ್ಸ್’ನಲ್ಲಿ ಕಾರ್ಲಿನ್ಯೋಸ್ ಬ್ರೌನ್ ಎಂಬ ತಾಳವಾದ್ಯಗಾರನನ್ನು ಕರೆತಂದಿತು, ಶವಾಂತೆ ಬುಡಕಟ್ಟಿನವರ ಬಳಿಗೇ ಹೋಗಿ ಅವರೊಂದಿಗೆ ಧ್ವನಿಮುದ್ರಿಸಿತು. ಅಲ್ಲಿ ಗಮನಿಸಬೇಕಾದದ್ದು, ಅತಿಥಿ ವಾದ್ಯಕ್ಕೆ ಜಾಗ ಬಿಡಲು ಮೆಟಲ್ ತಾನು ನಿಧಾನವಾಯಿತು.

ನಮ್ಮ ಹುಡುಗರು ಮಾಡುವ ಮೊದಲ ತಪ್ಪು ಬ್ಲಾಸ್ಟ್‌ನ ಮೇಲೆ ಡೊಳ್ಳು ಹೇರುವುದು. ಡೊಳ್ಳಿನ ಗುಡುಗು ಬಾಸ್ ಡ್ರಮ್ ಇರುವ ಕೆಳಗಿನ ಸ್ಥಾಯಿಯಲ್ಲೇ ಕೂರುತ್ತದೆ, ಅದರ ಬಾಲವೂ ಉದ್ದ. ಎರಡೂ ಸೇರಿ ರಾಡಿಯಾಗುತ್ತವೆ. ಡೊಳ್ಳಿಗೆ ಡೂಮ್‌ನ ನಡೆ ಕೊಡಿ, ಬಾಸ್ ಡ್ರಮ್ಮನ್ನು ಪೂರ್ತಿ ತೆಗೆದುಬಿಡಿ. ತಮಟೆಯ ಕಥೆ ಬೇರೆ. ಬೆಂಕಿಗೆ ಹಿಡಿದು ಕಾಯಿಸಿದ ತಮಟೆಯ ಸದ್ದು ಸ್ನೇರಿನಷ್ಟೇ ಚೂಪು. ಒಂದು ಕೈಯ ದಪ್ಪ ಕೋಲು ಎಣಿಕೆ ಹಿಡಿದರೆ ಇನ್ನೊಂದು ಕೈಯ ತೆಳು ಕೋಲು ಸಂದಿಗಳನ್ನು ತುಂಬುತ್ತದೆ. ಥ್ರ್ಯಾಶ್‌ಗೆ ಅದು ಹೇಳಿಮಾಡಿಸಿದ ಜೋಡಿ. ಒಂದು ಮಾತು: ಡೊಳ್ಳು ಬೀರೇಶ್ವರನ ಸೇವೆಯ ವಾದ್ಯ. ನುಡಿಸುವ ಮನೆತನದವರನ್ನು ಕೇಳಿ, ಸಂಭಾವನೆ ಕೊಟ್ಟು, ಅವರನ್ನೇ ಕೂರಿಸಿ. ಫೋನಿನಲ್ಲಿ ಕದ್ದ ತುಣುಕು ಬೇಡ.

ಉರುಮೆಯನ್ನು ಪ್ರಯತ್ನಿಸಿದ್ದು ಇತ್ತೀಚೆಗೆ. ಚಳ್ಳಕೆರೆ ಕಡೆಯ ಹಿರಿಯರೊಬ್ಬರು ಬಂದು, ಬೂಟು ಕಳಚಿಟ್ಟ ಜಾಗದಲ್ಲೇ ಕುಳಿತು ಅರ್ಧ ಗಂಟೆ ಬ್ಲಾಸ್ಟ್ ಕೇಳಿದರು. ‘ಕೈ ಚೆನ್ನಾಗಿದೆ, ಉಸಿರು ಎಲ್ಲಿ ತೆಗೆದುಕೊಳ್ಳುತ್ತೀಯಪ್ಪಾ?’ ಎಂದಷ್ಟೇ ಕೇಳಿದರು. ಆಮೇಲೆ ನಾವು 60ಕ್ಕೆ ಇಳಿದೆವು. ಅವರು ಬಾಗಿದ ಕಡ್ಡಿಯನ್ನು ಎಡ ಮುಖದ ಮೇಲೆ ಒತ್ತಿ ಉಜ್ಜಿದರು. ಆ ನರಳಿಕೆ ನನ್ನ ಒಂದು ಪೆಟ್ಟಿನಿಂದ ಹೊರಟು ಮುಂದಿನ ಪೆಟ್ಟಿನವರೆಗೆ ಎಳೆದುಕೊಂಡು ಬಂದಿತು. ಮಧ್ಯದ ಒಂದು ಸೆಕೆಂಡ್ ಖಾಲಿ ಎನಿಸಲೇ ಇಲ್ಲ. ಗಿಟಾರಿನ ಹುಡುಗ ತಾನಾಗಿ ಕೈ ನಿಲ್ಲಿಸಿದ. ಶ್ರುತಿ ಯಾರು ಇಳಿಸಬೇಕು ಎಂಬ ಚರ್ಚೆ ಮುಗಿದಿಲ್ಲ; ಚರ್ಮಕ್ಕೆ ಬಿಸಿಲು ಬೇಕು, ಮಳೆ ಕಳೆದ ಮೇಲೆ ಬರುತ್ತೇನೆ ಎಂದು ಹೇಳಿ ಹೋಗಿದ್ದಾರೆ.